ಇಂಗು, ತೆಂಗು ಮತ್ತು ಐದು ವರ್ಷ

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂಬ ಗಾದೆಯನ್ನು ನಮ್ಮ ಶಿರಸಿ ಕಡೆ ಹೊಸದಾಗಿ ಒಲೆಯ ಮುಂದೆ ನಿಂತವರಿಗೆಲ್ಲ ಒಮ್ಮೆಯಾದರೂ ಹೇಳುತ್ತಾರೆ. ಕೇಳಿದವರಿಗೆ ಎರಡೂ ಹಿತ್ತಿಲಿನ ಸಾಮಾನೇ ಅನಿಸಬೇಕು. ತೆಂಗೇನೋ ಹಿತ್ತಿಲಲ್ಲಿದೆ. ಇಂಗು ಮಾತ್ರ ಅಫ್ಘಾನಿಸ್ತಾನದಿಂದಲೋ ಇರಾನಿನಿಂದಲೋ ಉಜ್ಬೇಕಿಸ್ತಾನದಿಂದಲೋ ಬರಬೇಕು. ಭಾರತ ವರ್ಷಕ್ಕೆ ಸುಮಾರು 1,200 ಟನ್ ಕಚ್ಚಾ ಇಂಗನ್ನು ತರಿಸಿಕೊಳ್ಳುತ್ತದೆ, ಅದಕ್ಕೆ ಸುಮಾರು 10 ಕೋಟಿ ಡಾಲರ್ ಕೊಡುತ್ತದೆ ಎಂದು 2020ರಲ್ಲಿ ಸರ್ಕಾರದ ವಿಜ್ಞಾನ ಸಂಸ್ಥೆಯೇ ಹೇಳಿತ್ತು. ಅಂದರೆ ನಮ್ಮ ಗಾದೆಯ ಮೊದಲ ಪದ ಎಂದಿನಿಂದಲೂ ಆಮದಿನ ಮಾಲು. ಇದು ಹೊಸ ಸಂಗತಿಯೂ ಅಲ್ಲ. ಅಮರಕೋಶದಲ್ಲಿ ಹಿಂಗುವಿಗೆ ಕೊಟ್ಟಿರುವ ಪರ್ಯಾಯ ಪದಗಳಲ್ಲಿ ‘ಬಾಹ್ಲೀಕ’ ಎಂಬುದೂ ಒಂದು. ಬಾಹ್ಲೀಕ ಅಂದರೆ ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶ. ಹೆಸರಿನಲ್ಲೇ ಊರಿನ ವಿಳಾಸ ಅಂಟಿಕೊಂಡು ಬಂದಿದೆ.

ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಕೂತು ಬರೆಸಿದ ‘ಮಾನಸೋಲ್ಲಾಸ’ದ ಅಡುಗೆಗಳಿಗೆ ಇಂಗಿನ ನೀರು ಬೀಳುತ್ತದೆ. ಇಂಗಿನ ಪುಡಿಯಲ್ಲ, ನೀರು. ನಮ್ಮ ಮನೆಯಲ್ಲೂ ಹಾಗೆಯೇ. ಅಜ್ಜಿಯ ಅಡುಗೆಮನೆಯಲ್ಲಿ ಬಿಗಿ ಮುಚ್ಚಳದ ಒಂದು ಪುಟ್ಟ ಭರಣಿ. ಅದರೊಳಗೆ ಕಂದು ಬಣ್ಣದ, ಅಂಟಂಟಾದ ಗಟ್ಟಿ ಇಂಗು. ಅದರಿಂದ ಕಡಲೆಬೇಳೆಯಷ್ಟು ಚಿವುಟಿ ನೀರಲ್ಲಿ ನೆನೆಹಾಕಿ, ಬೆರಳಲ್ಲಿ ಕದಡಿ ಹಾಕುತ್ತಿದ್ದಳು. ಮಾವಿನ ಮಿಡಿಯ ಕಾಲದಲ್ಲಿ ಅಪ್ಪೆಹುಳಿ ಮಾಡಿದರೆ ಮಾತ್ರ ಎಣ್ಣೆಯಲ್ಲಿ ಒಗ್ಗರಣೆ. ಆ ವಾಸನೆ ಜಗುಲಿ ದಾಟಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರ ಮೂಗಿಗೂ ಹೋಗುತ್ತಿತ್ತು. ಈರುಳ್ಳಿ ಬೆಳ್ಳುಳ್ಳಿ ಒಳಗೆ ಬಾರದ ಅಡುಗೆಮನೆಗಳಲ್ಲಿ ಅವೆರಡರ ಕೆಲಸವನ್ನೂ ಇಂಗೇ ಮಾಡಿತು. ಗುಟ್ಟು ಗಂಧಕದಲ್ಲಿದೆ. ಬೆಳ್ಳುಳ್ಳಿಯ ಘಾಟಿಗೂ ಇಂಗಿನ ಘಾಟಿಗೂ ಕಾರಣ ಗಂಧಕ ಸೇರಿದ ಸಂಯುಕ್ತಗಳೇ. ಮಡಿಯಲ್ಲಿ ಅಡುಗೆ ಮಾಡುವವರು ಬೆಳ್ಳುಳ್ಳಿಯನ್ನು ಬಾಗಿಲಲ್ಲಿ ತಡೆದು, ಅದರ ದೂರದ ನೆಂಟನನ್ನು ಒಳಗೆ ಕೂರಿಸಿ ಮಣೆ ಹಾಕಿದ್ದಾರೆ. ಯುರೋಪಿನವರು ಇದೇ ವಸ್ತುವಿಗೆ ದೆವ್ವದ ಸಗಣಿ ಎಂದು ಹೆಸರಿಟ್ಟರು. ಎಣ್ಣೆಯಲ್ಲಿ ಹಾಕಿ ನೋಡಿರಲಿಕ್ಕಿಲ್ಲ, ಪಾಪ.

ಈಗ ಅಂಗಡಿಯಲ್ಲಿ ಸಿಗುವ ಹಳದಿ ಪುಡಿಯ ಡಬ್ಬಿಯಲ್ಲಿ ಇರುವುದರಲ್ಲಿ ಬಹುಪಾಲು ಇಂಗಲ್ಲ. ಅದು ಕಾಂಪೌಂಡೆಡ್ ಇಂಗು: ಮೈದಾ ಅಥವಾ ಅಕ್ಕಿಹಿಟ್ಟು, ಗೋಂದು, ಅದರ ಜೊತೆ ಸ್ವಲ್ಪ ನಿಜವಾದ ರಾಳ. ಮದ್ಯಸಾರದಲ್ಲಿ ಕರಗುವ ಅಂಶ ಶೇ. 5ಕ್ಕಿಂತ ಕಡಿಮೆ ಇರಬಾರದು ಎಂದು ನಿಯಮವಿದೆ. ಇದು ಮೋಸವೇನಲ್ಲ. ಶುದ್ಧ ಇಂಗು ಅಷ್ಟು ಖಾರ, ಹಿಟ್ಟು ಬೆರೆಸದೆ ಚಮಚದಲ್ಲಿ ಅಳೆಯಲಾಗದು. ಉತ್ತರ ಪ್ರದೇಶದ ಹಾಥ್‌ರಸ್ ಎಂಬ ಊರು ತಲೆಮಾರುಗಳಿಂದ ಈ ಬೆರೆಸುವ ಕೆಲಸವನ್ನೇ ಮಾಡಿಕೊಂಡು ಬಂದಿದೆ. ಬೆಳೆಯದ ದೇಶದಲ್ಲಿ ಬೆರೆಸುವ ಊರು.

ನಾನು ಪಿಎಚ್‌.ಡಿ. ಮಾಡುತ್ತಿರುವುದು ಇಂಗಿನ ಮೇಲೆ ಎಂದು ಊರಿನಲ್ಲಿ ಎಲ್ಲರೂ ನಂಬಿದ್ದಾರೆ. ತಿದ್ದಿ ತಿದ್ದಿ ಸಾಕಾಗಿ ನಾನೂ ಬಿಟ್ಟಿದ್ದೇನೆ. ನಿಜಕ್ಕೂ ನನ್ನ ಕೆಲಸ ಇಂಗಿನ ಒಬ್ಬ ದಾಯಾದಿಯ ಬೀಜದ ಮೇಲೆ. ಇಂಗು ಕೊಡುವ ಗಿಡ ಫೆರುಲಾ ಅಸ್ಸಾ-ಫೆಟಿಡಾ. ಅದೇ ಫೆರುಲಾ ಕುಲದ ಯೆಶ್ಕಿಯಾನಾ ಎಂಬ ಜಾತಿ ನಮ್ಮ ಹಿಮಾಲಯದಲ್ಲಿ ತಾನೇ ತಾನಾಗಿ ಬೆಳೆಯುತ್ತದೆ. ನೋಡಲು ಅಣ್ಣತಮ್ಮಂದಿರಂತೆ; ಆದರೆ ಅಡುಗೆಗೆ ಬೇಕಾದ ಇಂಗು ಇದರಿಂದ ಬಾರದು. ಇಬ್ಬರ ಕುಟುಂಬವೂ ಗಜ್ಜರಿಯದು. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಸಬ್ಬಸಿಗೆ ಎಲ್ಲ ಒಂದೇ ಮನೆತನ. ತಂಬುಳಿ ಮಾಡುವ ಒಂದೆಲಗ ಕೂಡ ಇದರದೇ ಒಂದು ಕವಲು. ಸಾಕ್ರಟೀಸನಿಗೆ ಕುಡಿಸಿದ ಹೆಮ್ಲಾಕ್ ಎಂಬ ವಿಷದ ಗಿಡವೂ ಹೊರಗಿನದಲ್ಲ. ನಮ್ಮ ಸಾಂಬಾರು ಡಬ್ಬಿಯ ಅರ್ಧ ಬಟ್ಟಲುಗಳು ಈ ಒಂದು ಕುಟುಂಬಕ್ಕೇ ಸೇರಿವೆ. ಹೂವು ಬಿಟ್ಟಾಗ ಗುರುತು ಸುಲಭ. ಒಂದೇ ಬಿಂದುವಿನಿಂದ ಕಡ್ಡಿಗಳು ಸುತ್ತಲೂ ಹರಡಿ, ತುದಿಯಲ್ಲಿ ಪುಟ್ಟ ಹೂಗಳು. ಕೊಡೆ ಬಿಚ್ಚಿದ ಹಾಗೆ. ಬಿಟ್ಟ ಕೊತ್ತಂಬರಿ ಗಿಡವನ್ನು ನೋಡಿದವರು ಫೆರುಲಾ ಹೂವನ್ನು ಅರ್ಧ ನೋಡಿದಂತೆಯೇ. ಉಳಿದರ್ಧ ಅದರ ಗಾತ್ರ: ಆಳೆತ್ತರವನ್ನೂ ಮೀರುವ ದಂಟು, ಹಳದಿ ಕೊಡೆಗಳು, ನೆಲದೊಳಗೆ ತೊಡೆಯಂಥ ಗಡ್ಡೆಬೇರು. ಗ್ರೀಕರ ಪ್ರಮೀಥಿಯಸ್ ದೇವತೆಗಳಿಂದ ಬೆಂಕಿ ಕದ್ದು ತಂದದ್ದು ಫೆರುಲಾ ಜಾತಿಯ ಒಣ ದಂಟಿನೊಳಗೆ ಬಚ್ಚಿಟ್ಟು ಎನ್ನುತ್ತಾರೆ. ದಂಟಿನ ಒಳತಿರುಳು ನಿಧಾನವಾಗಿ ಕನಲುತ್ತದೆ, ಹೊರಗೆ ಕಾಣುವುದಿಲ್ಲ.

ಈ ಕುಟುಂಬದ ಬೀಜಗಳಿಗೊಂದು ಹಟ ಇದೆ. ಹಣ್ಣಾಗಿ ಉದುರುವಾಗ ಒಳಗಿನ ಭ್ರೂಣ ಪೂರ್ತಿ ಬೆಳೆದಿರುವುದಿಲ್ಲ. ಬೀಜದ ಒಳಗೇ ಅದು ಇನ್ನಷ್ಟು ಉದ್ದವಾಗಬೇಕು, ಆಮೇಲೆ ಮೊಳಕೆಯ ಮಾತು. ಗಜ್ಜರಿ ಬಿತ್ತಿದವರಿಗೆ ಇದರ ಅನುಭವವಿದೆ. ಮಡಿಯಲ್ಲಿ ಮೂಲಂಗಿ ಎದ್ದು ಎಲೆ ಬಿಟ್ಟರೂ ಗಜ್ಜರಿಯ ಸುಳಿವಿರುವುದಿಲ್ಲ. ಬೆಟ್ಟದ ಜಾತಿಗಳಿಗೆ ಇನ್ನೊಂದು ಬೀಗ ಹೆಚ್ಚು. ಒದ್ದೆಯಲ್ಲಿ, ಚಳಿಯಲ್ಲಿ ಹಲವು ವಾರ ಕಳೆಯದೆ ಆ ಭ್ರೂಣ ಅಲುಗುವುದಿಲ್ಲ. ಹಿಮ ಬೀಳುವ ಮುನ್ನ ಬೆಚ್ಚಗಿನ ಒಂದು ವಾರ ಬಂದಾಗ ಆತುರಪಟ್ಟು ಎದ್ದ ಸಸಿ ಆಮೇಲೆ ಸಾಯುತ್ತದೆ; ಈ ಬೀಗ ಇರುವುದು ಅದಕ್ಕೆ. ಬೀಜಕ್ಕೆ ಅದು ರಕ್ಷಣೆ. ಸಂಶೋಧನಾ ವಿದ್ಯಾರ್ಥಿಗೆ ಅದು ಫ್ರಿಜ್‌ನಲ್ಲಿ ನಾಲ್ಕು ಡಿಗ್ರಿಯಲ್ಲಿಟ್ಟ ಪೆಟ್ರಿ ತಟ್ಟೆಗಳ ಸಾಲು, ಪ್ರತಿ ತಟ್ಟೆಗೆ ಇಪ್ಪತ್ತೈದು ಬೀಜ, ಪ್ರತಿ ಸೋಮವಾರ ಮುಚ್ಚಳ ತೆಗೆದು ಸೊನ್ನೆ ಎಂದು ಬರೆಯುವ ನೋಟ್‌ಬುಕ್ಕು. ನನ್ನ ಮೊದಲ ವರ್ಷದ ನೋಟ್‌ಬುಕ್ಕನ್ನು ನೋಡಿದ ಗೆಳತಿಯೊಬ್ಬಳು, ಬ್ಯಾಂಕಿನವರು ಕೂಡ ಇಷ್ಟು ಸೊನ್ನೆ ಬರೆಯುವುದಿಲ್ಲ ಎಂದಿದ್ದಳು.

ನಿಜವಾದ ಇಂಗಿನ ಗಿಡವೇ ಭಾರತಕ್ಕೆ ಬಂದ ಕಥೆಯೂ ಬೀಜದಿಂದಲೇ ಶುರುವಾಗುತ್ತದೆ. 2018ರ ಅಕ್ಟೋಬರ್‌ನಲ್ಲಿ ಪಾಲಂಪುರದ ಸಿಎಸ್‌ಐಆರ್ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆ, ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ಮೂಲಕ ಇರಾನಿನಿಂದ ಆರು ಬಗೆಯ ಬೀಜಗಳನ್ನು ತರಿಸಿತು. ಅವು ಲಾಹೌಲ್-ಸ್ಪಿತಿಯ ರಿಬ್ಲಿಂಗ್ ಎಂಬಲ್ಲಿ ಕ್ವಾರಂಟೈನ್‌ನಲ್ಲಿ ಬೆಳೆದವು. ನೂರು ಬೀಜ ಹಾಕಿದರೆ ಒಂದು ಮೊಳೆಯುತ್ತದೆ ಎಂಬ ಮಾತು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಓದಿದಾಗ ನನಗೆ ಅಲ್ಲಿನವರ ನೋಟ್‌ಬುಕ್ಕು ಕಣ್ಣಿಗೆ ಕಟ್ಟಿತು. 2020ರ ಅಕ್ಟೋಬರ್ 15ರಂದು ಲಾಹೌಲ್ ಕಣಿವೆಯ ಕ್ವಾರಿಂಗ್ ಹಳ್ಳಿಯ ರೈತರ ಹೊಲದಲ್ಲಿ ಮೊದಲ ಸಸಿ ನೆಟ್ಟರು. ಅದಕ್ಕೆ ಹನ್ನೆರಡು ದಿನ ಮುಂಚೆ, ಅಕ್ಟೋಬರ್ 3ರಂದು, ರೋಹ್ತಾಂಗಿನ ಕೆಳಗಿನ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ಉದ್ಘಾಟನೆಯಾಗಿತ್ತು. ಅಲ್ಲಿಯವರೆಗೆ ಚಳಿಗಾಲದಲ್ಲಿ ಕಣಿವೆಯ ರಸ್ತೆ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. ಒಂದೇ ತಿಂಗಳಲ್ಲಿ ಒಂದು ದಾರಿ, ಒಂದು ಗಿಡ.

ಶೀತಲ ಮರುಭೂಮಿ ಎಂಬ ಪದವನ್ನು ಪುಸ್ತಕದಲ್ಲಿ ಓದಿದ್ದೆ. ಬೀಜ ಸಂಗ್ರಹಕ್ಕೆಂದು ಒಂದು ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಹೋದಾಗ ಅದು ಅರ್ಥವಾಯಿತು. ಸುರಂಗದ ಮನಾಲಿ ಬದಿಯಲ್ಲಿ ಹಸಿರು ಕಾಡು, ಮಳೆ. ಆ ಬದಿಗೆ ಹೊರಬಂದರೆ ಮೋಡವೇ ಇಲ್ಲದ ಆಕಾಶ, ಕಂದು ಬೆಟ್ಟ, ಹಿಮನದಿಯ ನೀರನ್ನು ಕೂಲ್ ಎಂಬ ಸಣ್ಣ ಕಾಲುವೆಯಲ್ಲಿ ಹಾಯಿಸಿಕೊಂಡ ಕಡೆ ಮಾತ್ರ ಹಸಿರು ಪಟ್ಟಿ. ಮಳೆಗಾಲದಲ್ಲಿ ಗೋಡೆಗೂ ಪಾಚಿ ಹಿಡಿಯುವ ಊರಿನಿಂದ ಬಂದವಳಿಗೆ ತುಟಿ ಒಡೆದು ರಕ್ತ ಬರುವ ಒಣ ಗಾಳಿ. ಇಂಗಿಗೆ ಬೇಕಾದದ್ದು ಇದೇ. ವರ್ಷಕ್ಕೆ 200 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೇಡ, ಮರಳು ಮಣ್ಣು ಬೇಕು, ಚಳಿಯಲ್ಲಿ ಮಲಗಲು ಬಿಡಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಶಿರಸಿಯ ಒಂದು ಜುಲೈ ಸಾಕು, ಅದನ್ನು ಕೊಲ್ಲಲು.

ಕೇಲಾಂಗ್ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಉಳಿದುಕೊಂಡ ಮನೆಯ ಯಜಮಾನಿ, ಅರವತ್ತರ ಆಸುಪಾಸಿನವರು, ತಮ್ಮ ಹೊಲದ ಅಂಚಿಗೆ ಕರೆದುಕೊಂಡು ಹೋಗಿ ತೋರಿಸಿದರು. ಕಲ್ಲಿನ ಬದುವಿನ ಪಕ್ಕ ಹದಿನೈದಿಪ್ಪತ್ತು ಇಂಗಿನ ಸಸಿಗಳಂತೆ. ನನಗೆ ಕಂಡದ್ದು ಒಣಗಿ ನೆಲಕ್ಕಂಟಿದ ಎಲೆ, ನೆಟ್ಟ ಕೋಲುಗಳು, ಅಷ್ಟೆ. ಬೇಸಿಗೆ ಮುಗಿಯುವಷ್ಟರಲ್ಲಿ ಎಲೆ ಒಣಗಿ, ಜೀವವೆಲ್ಲ ಬೇರಿಗೆ ಇಳಿದುಬಿಡುತ್ತದೆ ಎಂದು ಗೊತ್ತಿದ್ದರೂ, ನೋಡಲು ಹೊಲದ ಆ ತುಂಡು ಬೀಳುಬಿಟ್ಟಂತಿತ್ತು. ಪಕ್ಕದಲ್ಲಿ ಹೂಕೋಸು ಲಾರಿ ಕಾಯುತ್ತಿತ್ತು.

‘ಬಟಾಣಿ ಹಾಕಿದರೆ ಮೂರು ತಿಂಗಳಿಗೆ ದುಡ್ಡು, ಬೇಟಿ,’ ಎಂದರು. ‘ಇದಕ್ಕೆ ಐದು ವರ್ಷ ಅಂತಾರೆ. ಐದು ವರ್ಷ ಒಂದು ಜಾಗದ ಮೇಲೆ ಆಸೆ ಇಟ್ಟುಕೊಂಡಿರುವುದು ದೊಡ್ಡ ಹೊಲ ಇರುವವರ ಕೆಲಸ. ನಾನು ಬದುವಿನ ಪಕ್ಕ ಹಾಕಿದ್ದೇನೆ. ಬಂದರೆ ಬಂತು.’

ಲಾಹೌಲಿನವರಿಗೆ ಹೊಸ ಬೆಳೆ ಹೊಸದಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಅವರು ಕೋಷ್ಠವನ್ನು, ಅಂದರೆ ಔಷಧಿಗೂ ಧೂಪಕ್ಕೂ ಹೋಗುವ ಒಂದು ಸುಗಂಧದ ಬೇರನ್ನು, ಹೊಲದಲ್ಲಿ ಬೆಳೆದು ಕಾಸು ಕಂಡವರು. ಅದರ ಬೆಲೆ ಬಿತ್ತು, ಬೀಜದ ಆಲೂಗಡ್ಡೆ ಬಂತು, ಹಿಂದೆಯೇ ಬಟಾಣಿ, ಹೂಕೋಸು ಬಂದವು. ಆಕೆಯ ಮಾವನವರು ಕೋಷ್ಠ ಬೆಳೆದಿದ್ದರಂತೆ. ಹೊರಗಿನವರು ಬಂದು ಇದು ಚಿನ್ನ ಎಂದಾಗ ಎಷ್ಟು ಮೊಳ ಜಾಗ ಕೊಡಬೇಕು ಎಂಬುದು ಆಕೆಗೆ ಮಾವನಿಂದ ಬಂದ ಲೆಕ್ಕ. ದೇಶದ ಆಮದು ಉಳಿತಾಯದ ಲೆಕ್ಕವನ್ನು ಬರೆಯುವವರು ಈ ಬದುವಿನ ಲೆಕ್ಕವನ್ನೂ ಒಂದು ಸಾಲು ಬರೆಯಬೇಕಿತ್ತು ಅನಿಸಿತು ನನಗೆ.

ಐದು ವರ್ಷ ಏಕೆ ಎಂಬುದರಲ್ಲೇ ಈ ಗಿಡದ ಬದುಕೆಲ್ಲ ಇದೆ. ಇಂಗಿನ ಗಿಡ ಜೀವನದಲ್ಲಿ ಒಂದೇ ಸಲ ಹೂ ಬಿಡುತ್ತದೆ. ವರ್ಷವರ್ಷವೂ ವಸಂತದಲ್ಲಿ ನೆಲದ ಮಟ್ಟದಲ್ಲಿ ಎಲೆ ಬಿಡುವುದು, ಬೇರಿಗೆ ಕೂಡಿಡುವುದು, ಒಣಗುವುದು. ಸುಮಾರು ಐದು ವರ್ಷ ಹೀಗೆ ಕೂಡಿಟ್ಟದ್ದನ್ನೆಲ್ಲ ಕೊನೆಗೊಮ್ಮೆ ದಂಟಿಗೆ, ಹೂವಿಗೆ, ಬೀಜಕ್ಕೆ ಸುರಿದು ಸಾಯುತ್ತದೆ. ಬಿದಿರಿನ ಹಾಗೆ, ನಮ್ಮ ಬಾಳೆಯ ಹಾಗೆ. ಬಾಳೆಗಾದರೂ ಬುಡದಲ್ಲಿ ಕಂದು ಇರುತ್ತದೆ. ಇದಕ್ಕೆ ಬೀಜ ಬಿಟ್ಟರೆ ಬೇರೆ ವಾರಸುದಾರರಿಲ್ಲ. ರಾಳ ಬೇಕೆನ್ನುವವರು ಆ ಕೂಡಿಟ್ಟ ಗಂಟು ಹೂವಿಗೆ ಹೋಗುವ ಮುಂಚೆಯೇ ಕೈ ಹಾಕಬೇಕು. ಹೂವಿನ ದಂಟು ಏಳುವ ಮೊದಲು ಬುಡದ ಮಣ್ಣು ಬಿಡಿಸಿ, ಬೇರಿನ ತಲೆಯನ್ನು ಕತ್ತರಿಸುತ್ತಾರೆ. ಗಾಯದಿಂದ ಹಾಲು ಒಸರುತ್ತದೆ. ಬಿಸಿಲು ಬೀಳದಂತೆ ಸೊಪ್ಪುಸದೆ ಮುಚ್ಚಿ ಬಿಟ್ಟು, ಕೆಲವು ದಿನಕ್ಕೆ ಬಂದು ಗಟ್ಟಿಯಾದದ್ದನ್ನು ಕೆರೆದುಕೊಂಡು, ಮತ್ತೆ ತೆಳ್ಳಗೆ ಒಂದು ಹೋಳು ಕತ್ತರಿಸುತ್ತಾರೆ. ಹೀಗೆ ಮೂರು ತಿಂಗಳವರೆಗೆ, ಬೇರು ಬತ್ತುವ ತನಕ. ಜರ್ಮನಿಯ ವೈದ್ಯ ಎಂಗೆಲ್ಬರ್ಟ್ ಕೆಂಪ್ಫರ್ 1680ರ ದಶಕದಲ್ಲಿ ಪರ್ಷಿಯಾದಲ್ಲಿ ಇದನ್ನು ಕಣ್ಣಾರೆ ಕಂಡು, 1712ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದ. ಇಂದಿಗೂ ಕೆಲಸ ನಡೆಯುವುದು ಹೆಚ್ಚುಕಡಿಮೆ ಅದೇ ರೀತಿ.

ಹೀಗಾಗಿ ಒಂದು ಗಿಡದಿಂದ ಇಂಗು ಅಥವಾ ಬೀಜ, ಎರಡರಲ್ಲಿ ಒಂದೇ. ನಮ್ಮ ಒಗ್ಗರಣೆಗೆ ಬಂದ ಪ್ರತಿ ಚೂರೂ ಹೂ ಬಿಡದೆ ಸತ್ತ ಗಿಡದ್ದು. ಕಾಡುಗಿಡವನ್ನೇ ಕಡಿದು ತರುವ ಕಡೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಡಿದರೆ ಮುಂದಿನ ಐದು ವರ್ಷಕ್ಕೆ ಬೆಟ್ಟದ ಮೇಲೆ ಉದುರುವುದು ಏನೂ ಇರುವುದಿಲ್ಲ. ನಮ್ಮಲ್ಲಿ ಅಪ್ಪೆಮಿಡಿಗಾಗಿ ಹೊಳೆದಂಡೆಯ ಮರದ ಟೊಂಗೆಯನ್ನೇ ಕಡಿದು ಕೆಡವುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪೆಮಿಡಿಗೆ ಕಸಿ ಕಟ್ಟುವ ರೈತರು ಸಿಕ್ಕರು, ತೋಟಕ್ಕೆ ಬಂದು ಉಳಿಯಿತು. ಇಂಗಿನ ಮನೆತನದ್ದೇ ಇರಬೇಕೆಂದು ಊಹಿಸುವ ಸಿಲ್ಫಿಯಂ ಉಳಿಯಲಿಲ್ಲ. ಇಂದಿನ ಲಿಬಿಯಾದ ಕರಾವಳಿಯ ಸೈರೀನ್ ನಗರ ಆ ಗಿಡದ ರಾಳ ಮಾರಿಯೇ ಶ್ರೀಮಂತವಾಗಿತ್ತು. ನಾಣ್ಯದ ಮೇಲೂ ಅದರ ಚಿತ್ರ ಅಚ್ಚು ಹಾಕಿಸಿತ್ತು. ಹೊಲದಲ್ಲಿ ಬೆಳೆಸಲು ಯಾರಿಗೂ ಆಗಲಿಲ್ಲ. ತಮ್ಮ ಕಾಲಕ್ಕೆ ಸಿಕ್ಕಿದ್ದು ಒಂದೇ ಒಂದು ದಂಟು, ಅದನ್ನು ನೀರೋ ಚಕ್ರವರ್ತಿಗೆ ಕಳಿಸಿದರು ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಆಮೇಲೆ ರೋಮಿನ ಅಡುಗೆಯವರು ಅದರ ಬದಲಿಗೆ ಬಳಸಿದ್ದು ಪರ್ಷಿಯಾ ಕಡೆಯ ಇಂಗನ್ನೇ. 2021ರಲ್ಲಿ ಟರ್ಕಿಯ ಸಂಶೋಧಕರೊಬ್ಬರು ತಮ್ಮ ದೇಶದ ಬೆಟ್ಟದಲ್ಲಿ ಸಿಗುವ ಒಂದು ಅಪರೂಪದ ಫೆರುಲಾವೇ ಆ ಕಳೆದುಹೋದ ಗಿಡ ಇರಬಹುದು ಎಂದು ವಾದಿಸಿದರು. ಇರಬಹುದು. ಎರಡು ಸಾವಿರ ವರ್ಷದ ಹಿಂದಿನ ನಾಣ್ಯದ ಚಿತ್ರವನ್ನು ಗಿಡದೊಂದಿಗೆ ಹೋಲಿಸುವ ಸಾಕ್ಷ್ಯವನ್ನು ನನ್ನ ವೈವಾದಲ್ಲಿ ಮುಂದಿಟ್ಟರೆ ಪರೀಕ್ಷಕರು ಬಿಡುವುದಿಲ್ಲ ಎಂಬುದು ಮಾತ್ರ ನನಗೆ ಗೊತ್ತು.

ನನ್ನ ಫೆಲೋಶಿಪ್ಪೂ ಐದೇ ವರ್ಷ. ಎರಡು ವರ್ಷ ಜೆಆರ್‌ಎಫ್, ಮೂರು ವರ್ಷ ಎಸ್‌ಆರ್‌ಎಫ್. ಒಂದು ಸಲ ಹೂ ಬಿಡಲು ಅಷ್ಟೇ ಕಾಲ ತೆಗೆದುಕೊಳ್ಳುವ ಗಿಡವನ್ನು ಆರಿಸಿಕೊಂಡವರು ಬೀಜದಿಂದ ಬೀಜದವರೆಗೆ ನೋಡುವುದು ಸಾಧ್ಯವಿಲ್ಲ. ಮೊದಲ ದಿನವೇ ಬಿತ್ತಿ, ಮೊದಲ ಸಲವೇ ಮೊಳೆತರೂ, ಹೂ ಬಿಡುವಾಗ ಪ್ರಬಂಧ ಒಪ್ಪಿಸಿ ಹಾಸ್ಟೆಲ್ ಖಾಲಿ ಮಾಡಿರಬೇಕು. ಪತ್ರಿಕೆಗಳು ಕೇಳುವುದು ಫಲಿತಾಂಶ. ನಮ್ಮ ಕಡೆ ಇರುವುದು ಮೊಳಕೆಯ ಅಂಕಿ, ಭ್ರೂಣದ ಉದ್ದ. ಆದ್ದರಿಂದಲೇ ಬಹುವಾರ್ಷಿಕ ಕಾಡುಗಿಡಗಳ ಮೇಲೆ ಕೆಲಸ ಮಾಡಲು ಹೊಸಬರು ಹಿಂಜರಿಯುತ್ತಾರೆ. ಆರು ವಾರಕ್ಕೆ ಬೀಜ ಕೊಡುವ ಪ್ರಯೋಗಶಾಲೆಯ ಸಾಸಿವೆ ಜಾತಿಯ ಗಿಡದ ಕಡೆ ಹೋಗುತ್ತಾರೆ. ನಾನು ಅವರನ್ನು ದೂರಲಾರೆ. ತಿಂಗಳ ಕೊನೆಗೆ ಬಾಡಿಗೆ ಕೊಡಬೇಕಾದವರ ಲೆಕ್ಕವೂ ಬಟಾಣಿಯ ಲೆಕ್ಕವೇ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಕೇಳಿದಳು, ‘ಕೂಸೇ, ನಿನ್ನ ಗಿಡದಲ್ಲಿ ಇಂಗು ಬಂತಾ?’

ಅದು ಇಂಗಿನ ಗಿಡವಲ್ಲ, ಅದರ ದಾಯಾದಿ ಎಂದೆ, ಎಷ್ಟನೆಯ ಸಲವೋ.

‘ಹೂವಾದರೂ ಬಿಡ್ತಾ?’

‘ಇಲ್ಲ ಅಜ್ಜಿ. ಇನ್ನೂ ಮೂರು ವರ್ಷ ಬೇಕು. ನಾನು ಅಷ್ಟರಲ್ಲಿ ಅಲ್ಲಿ ಇರುವುದಿಲ್ಲ.’

ಅವಳು ಒಂದು ಕ್ಷಣ ಸುಮ್ಮನಿದ್ದು, ‘ಹಂಗಾದ್ರೆ ನೀರು ಹಾಕೋರು ಯಾರು?’ ಎಂದಳು. ಅಡಿಕೆ ಸಸಿ ನೆಟ್ಟವರೇ ಅದರ ಫಸಲು ಉಣ್ಣಬೇಕೆಂಬ ನಿಯಮವಿಲ್ಲದ ಮನೆಯಲ್ಲಿ ಎಂಬತ್ತಾರು ವರ್ಷ ಬದುಕಿದವಳಿಗೆ ಬಂದ ಪ್ರಶ್ನೆ ಅದು. ನನ್ನ ಮಾರ್ಗದರ್ಶಕರೊಂದಿಗೆ ಅಷ್ಟು ಸಲ ಪ್ರಗತಿ ವರದಿ ಚರ್ಚಿಸಿದ್ದರೂ ಆ ಪ್ರಶ್ನೆಯನ್ನು ನಾವಿಬ್ಬರೂ ಕೇಳಿಕೊಂಡಿರಲಿಲ್ಲ.

ಅವಳಿಗೆ ಆಗ ಇನ್ನೊಂದು ಸಂಗತಿ ಹೇಳಿದೆ. ಅವಳು ದಿನಾ ಬೆಳಿಗ್ಗೆ ಕುಡಿಯುವ ರಾಗಿ ಅಂಬಲಿಯಲ್ಲಿ ಫೆರುಲಿಕ್ ಆಮ್ಲ ಎಂಬುದಿದೆ. ಕಾಳಿನ ಹೊರಪದರದಲ್ಲಿ ಜಾಸ್ತಿ. 1866ರಲ್ಲಿ ಯುರೋಪಿನ ಇಬ್ಬರು ರಸಾಯನಶಾಸ್ತ್ರಜ್ಞರು ಅದನ್ನು ಮೊದಲು ಬೇರ್ಪಡಿಸಿದ್ದು ಇಂಗಿನ ರಾಳದಿಂದ. ಹಾಗಾಗಿ ಅದಕ್ಕೆ ಫೆರುಲಾದ ಹೆಸರು. ‘ಅಂದ್ರೆ ರಾಗಿಯಲ್ಲೂ ಇಂಗು ಇದ್ದು ಹೇಳಿ ಆತು,’ ಎಂದಳು. ಹಾಗಲ್ಲ ಎಂದು ಶುರುಮಾಡಿ, ಬೇಡವೆಂದು ನಿಲ್ಲಿಸಿದೆ.

2025ರ ಮೇ ಕೊನೆಯಲ್ಲಿ ಪಾಲಂಪುರದ ಸಂಸ್ಥೆಯ ಆವರಣದಲ್ಲೇ ಇಂಗಿನ ಗಿಡ ಹೂ ಬಿಟ್ಟು ಬೀಜ ಕಟ್ಟಿದ ಸುದ್ದಿ ಬಂತು. ಲಾಹೌಲಿಗಿಂತ ಎಷ್ಟೋ ತಗ್ಗಿನ, ಸುಮಾರು 1,300 ಮೀಟರ್ ಎತ್ತರದ ಜಾಗ ಅದು. ಈ ಸುದ್ದಿಯನ್ನು ಬಹಳ ಜನ ‘ಇನ್ನು ನಮ್ಮದೇ ಇಂಗು’ ಎಂದು ಓದಿದರು. ನಾನು ಓದಿದ್ದು ಬೇರೆ. ಹೂ ಬಿಟ್ಟಿತು ಅಂದರೆ ಆ ಗಿಡದ ಬೇರನ್ನು ಯಾರೂ ಕತ್ತರಿಸಲಿಲ್ಲ, ಅದರಿಂದ ಒಂದು ಚೂರು ಇಂಗೂ ಬಾರದು, ಬೀಜ ಬಂತು. ಇನ್ನು ಮುಂದೆ ಪ್ರತಿ ಸಸಿಗೂ ಇರಾನಿನ ಪೊಟ್ಟಣಕ್ಕೆ ಕಾಯಬೇಕಿಲ್ಲ. ಆದರೆ ಆ ಬೀಜದಿಂದ ಎದ್ದ ಗಿಡಕ್ಕೆ ಮತ್ತೆ ಅಷ್ಟೇ ವರ್ಷ. ಅಂಗಡಿಯ ಡಬ್ಬಿಯ ಬೆಲೆ ಇಳಿಯುವುದು ಸದ್ಯಕ್ಕಂತೂ ಇಲ್ಲ. ಲಾಹೌಲಿನ ಆ ಯಜಮಾನಿಗೆ ಫೋನ್ ಮಾಡಿ, ನಿಮ್ಮ ಗಿಡಗಳು ದೊಡ್ಡವಾದಾಗ ಎಷ್ಟನ್ನು ಕತ್ತರಿಸುತ್ತೀರಿ, ಎಷ್ಟನ್ನು ಹೂವಿಗೆ ಬಿಡುತ್ತೀರಿ ಎಂದು ಕೇಳಿದೆ. ‘ಎರಡು ಚಳಿಗಾಲದಲ್ಲಿ ಆರು ಹೋದವು,’ ಎಂದರು. ‘ಉಳಿದದ್ದರಲ್ಲಿ ನಾಲ್ಕನ್ನು ಬೀಜಕ್ಕೆ ಬಿಡುತ್ತೇನೆ. ಬೀಜ ಕೊಳ್ಳುವವರು ಇಂಗು ಕೊಳ್ಳುವವರಿಗಿಂತ ಮೊದಲು ಬರುತ್ತಾರೆ, ನೋಡು.’

ನನ್ನ ಕೊನೆಯ ಸೆಮಿನಾರ್ ಮುಂದಿನ ತಿಂಗಳು. ನಮ್ಮ ಶೀತಕೋಣೆಯಲ್ಲಿ ಯೆಶ್ಕಿಯಾನಾದ ಹನ್ನೊಂದು ಸಸಿಗಳಿವೆ, ಎರಡು ವರ್ಷದವು, ಒಂದೊಂದಕ್ಕೂ ಅಂಗೈಯಷ್ಟು ಅಗಲದ ಎರಡೋ ಮೂರೋ ಎಲೆ. ಈ ವರ್ಷ ಲ್ಯಾಬಿಗೆ ಸೇರಿದ ಹುಡುಗಿಗೆ ಬೇರೆಯದೇ ವಿಷಯ ಕೊಟ್ಟಿದ್ದಾರೆ. ಆದರೂ ಕುಂಡಗಳನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾಳೆ. ಚೀಟಿಗಳ ಮೇಲಿನ ಇಂಕು ಮಾಸಿತ್ತು. ನಿನ್ನೆ ಕೂತು ಬಿತ್ತಿದ ತಾರೀಖು, ಬೀಜ ತಂದ ಜಾಗ, ಎತ್ತರ ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಹೊಸದಾಗಿ ಬರೆದು ಸಿಕ್ಕಿಸಿದೆ. ಪೆನ್ಸಿಲ್ ನೀರಿಗೆ ಅಳಿಸುವುದಿಲ್ಲ. ದಿನಾ ನೀರು ಹಾಕಬೇಕಾ ಅಕ್ಕಾ ಎಂದು ಕೇಳಿದಳು. ಬೇಡ, ಎಲೆ ಇರುವ ತನಕ ವಾರಕ್ಕೊಮ್ಮೆ, ಎಲೆ ಒಣಗಿದ ಮೇಲೆ ಮಣ್ಣು ಪೂರ್ತಿ ಒಣಗದಷ್ಟು, ಸತ್ತಿತು ಎಂದು ಎಸೆಯಬೇಡ ಎಂದು ಹೇಳಿ, ಅದನ್ನೂ ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ.